ಪರಮಾಣುಗರ್ಭದಲ್ಲಿ ಕಿಕ್ಕಿರಿದ ಅಂಟು

ಹಾನಗಲ್ಲಿನ ಪೇಟೆಯಲ್ಲಿ ಒಂದು ಚೀಲ ಭತ್ತವನ್ನು ತಕ್ಕಡಿಗೆ ಏರಿಸಿದಾಗ ಕೊಳ್ಳುವವನೂ ಮಾರುವವನೂ ನೋಡುವದು ಮುಳ್ಳನ್ನು ಮಾತ್ರ. ಆ ತೂಕವು ಭತ್ತದೊಳಗೆ ಎಲ್ಲಿಂದ ಬಂದಿತೆಂದು ಕೇಳುವ ಪದ್ಧತಿಯು ಪೇಟೆಯಲ್ಲಿಲ್ಲ. ಕೇಳಹೊರಟರೆ ವ್ಯಾಪಾರವು ಸಾಗದು. ಆದರೆ ವಾಚಕರು ಮನೆಯಲ್ಲಿ ಬಿಡುವಾಗಿ ಕುಳಿತಾಗ ಒಮ್ಮೆ ಈ ಪ್ರಶ್ನೆಯನ್ನು ಕೇಳಿಕೊಳ್ಳಲು ಅಡ್ಡಿಯಿಲ್ಲ. ಭತ್ತವು ಅಣುಗಳಿಂದಾದದ್ದು, ಅಣುಗಳು ಪರಮಾಣುಗಳಿಂದಾದವು. ಪರಮಾಣುವಿನ ತೂಕವು ಬಹುಮಟ್ಟಿಗೆಲ್ಲ ಅದರ ನಡುವಣ ಬೀಜದಲ್ಲಿ, ಎಂದರೆ ನ್ಯೂಕ್ಲಿಯಸ್ಸಿನಲ್ಲಿ ಅಡಗಿರುವದು. ನ್ಯೂಕ್ಲಿಯಸ್ಸೆಂದರೆ ಪ್ರೋಟಾನು ನ್ಯೂಟ್ರಾನುಗಳ ಗಂಟು. ಒಂದೊಂದು ಪ್ರೋಟಾನಿನಲ್ಲಿ ಮೂರು ಕ್ವಾರ್ಕುಗಳು. ಇಷ್ಟನ್ನು ಇಂದಿನ ಶಾಲೆಯ ಮಕ್ಕಳೂ ಬಲ್ಲರು. ಸೋಜಿಗವಿರುವದು ಇದರ ಮುಂದೆ. ಆ ಮೂರು ಕ್ವಾರ್ಕುಗಳ ತೂಕವನ್ನು ಕೂಡಿಸಿ ನೋಡಿದರೆ ಪ್ರೋಟಾನಿನ ತೂಕದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಮಾತ್ರ ಬರುವದು! ನೂರು ಕಿಲೋ ಭತ್ತದಲ್ಲಿ ತೊಂಬತ್ತೊಂಬತ್ತು ಕಿಲೋಗಳಿಗೆ ಲೆಕ್ಕವೇ ಹತ್ತುವದಿಲ್ಲ. ಇಂಥ ತೂಕವನ್ನು ಯಾವ ದಲಾಲನೂ ಒಪ್ಪಲಾರನು.

ಉಳಿದ ತೂಕವು ಶಕ್ತಿಯ ರೂಪದಲ್ಲಿರುವದು. ಶಕ್ತಿಯೂ ತೂಕವೂ ಒಂದೇ ವಸ್ತುವಿನ ಎರಡು ಮುಖಗಳೆಂದು ಐನ್‌ಸ್ಟೈನರು ೧೯೦೫ರಲ್ಲಿ ತೋರಿಸಿಕೊಟ್ಟರಷ್ಟೆ. ಪ್ರೋಟಾನಿನೊಳಗೆ ಕ್ವಾರ್ಕುಗಳು ಎಡೆಬಿಡದೆ ಚಲಿಸುತ್ತಿರುವವು. ಅವನ್ನು ಹೊರಗೆ ಬಿಡದಂತೆ ಹಿಡಿದಿಟ್ಟಿರುವ ಅಂಟು ಅದಕ್ಕಿಂತಲೂ ಹೆಚ್ಚಾಗಿ ಕುದಿಯುತ್ತಿರುವದು. ಈ ಅಂಟಿನ ಕಣಗಳಿಗೆ ಗ್ಲೂಆನ್ ಎಂದು ಹೆಸರು. ಇಂಗ್ಲಿಷಿನಲ್ಲಿ ಗ್ಲೂ ಎಂದರೆ ಮರಗೆಲಸದವರು ಬಳಸುವ ಅಂಟೇ. ಹೆಸರಿಡುವಾಗ ಆ ಪಂಡಿತರು ವಿನೋದದಲ್ಲಿದ್ದರೆಂದು ಕಾಣುವದು. ಸಂಸ್ಕೃತದಲ್ಲಿ 'ಶ್ಲೇಷಕಣ'ವೆಂದು ಹೇಳಬಹುದು. ಶ್ಲಿಷ್ ಧಾತುವಿಗೆ ಅಪ್ಪಿಕೊಳ್ಳುವದೆಂದೇ ಅರ್ಥ. ಆದರೆ ಶ್ಲೇಷವೆಂದೊಡನೆ ನಮ್ಮ ವಾಚಕರಿಗೆ ಅಲಂಕಾರವು ನೆನಪಾಗಿ, ಒಂದು ಕಣಕ್ಕೆ ಎರಡು ಅರ್ಥಗಳನ್ನು ಹುಡುಕಲು ತೊಡಗಿಯಾರೆಂಬ ಭಯದಿಂದ ನಾವು ಗ್ಲೂಆನ್ ಎಂದೇ ಬರೆಯುವೆವು. ಕ್ವಾರ್ಕುಗಳಿರಬೇಕೆಂದು ಗೆಲ್‌ಮನ್ ಮತ್ತು ತ್ಸ್ವೈಗ್ ಎಂಬ ಇಬ್ಬರು ೧೯೬೪ರಲ್ಲಿ ಬೇರೆಬೇರೆಯಾಗಿ ಊಹಿಸಿದರು. ಗ್ಲೂಆನ್ ಇದೆಯೆಂಬುದಕ್ಕೆ ಕಣ್ಣಿಗೆ ಕಾಣುವ ಗುರುತು ೧೯೭೯ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಪ್ರಯೋಗಶಾಲೆಯಲ್ಲಿ ದೊರೆಯಿತು. ಎರಡು ಕವಲಾಗಿ ಸಿಡಿಯಬೇಕಾದ ಕಣಗಳ ಚಿಲುಮೆ ಕೆಲವು ಸಲ ಮೂರು ಕವಲಾಗಿ ಸಿಡಿಯಿತು. ಆ ಮೂರನೆಯ ಕವಲೇ ಗ್ಲೂಆನಿನದು.

ಈ ವಸ್ತುಗಳ ಗಾತ್ರವೆಷ್ಟೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳುವದು ಒಳ್ಳೆಯದು. ಬಂಗಾರದ ಒಂದು ಪರಮಾಣುವನ್ನು ಹತ್ತು ಮೈಲಿ ಅಡ್ಡಳತೆಯಾಗುವಷ್ಟು ಹಿಗ್ಗಿಸಿದೆವೆಂದು ಭಾವಿಸೋಣ. ಆಗ ಅದರ ನ್ಯೂಕ್ಲಿಯಸ್ಸು ಮದುವೆಮನೆಯ ಕೊಪ್ಪರಿಗೆಯಷ್ಟಾದೀತು, ಗಜಕ್ಕೆ ತುಸು ಕಡಿಮೆ. ಆ ಕೊಪ್ಪರಿಗೆಯೊಳಗೆ ೭೯ ಪ್ರೋಟಾನುಗಳೂ ೧೧೮ ನ್ಯೂಟ್ರಾನುಗಳೂ ಸುಲಿದ ತೆಂಗಿನಕಾಯಿಗಳಂತೆ ಒತ್ತಾಗಿ ಕುಳಿತಿರುವವು. ನಾವು ಮಾತಾಡಹೊರಟಿರುವದು ಆ ಒಂದೊಂದು ಕಾಯಿಯ ಒಳಗಿನ ತಿರುಳಿನ ಮಾತು.

ಬೆಳಕಿಗೂ ಗ್ಲೂಆನಿಗೂ ಒಂದು ಮುಖ್ಯ ಭೇದವುಂಟು. ಅದನ್ನು ತಿಳಿದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುವದು. ವಿದ್ಯುತ್ತಿನ ಆಕರ್ಷಣವನ್ನು ಹೊತ್ತು ತಿರುಗುವದು ಬೆಳಕಿನ ಕಣ. ಆದರೆ ಬೆಳಕಿನ ಕಣಕ್ಕೆ ಸ್ವತಃ ವಿದ್ಯುದಂಶವಿಲ್ಲ. ಆದುದರಿಂದಲೇ ಪಡಸಾಲೆಯಲ್ಲಿ ಎರಡು ದೀಪಗಳನ್ನಿಟ್ಟರೆ ಒಂದರ ಬೆಳಕು ಇನ್ನೊಂದರ ಬೆಳಕನ್ನು ಅಡ್ಡಗಟ್ಟದೆ ಹಾದುಹೋಗುವದು. ಗ್ಲೂಆನಿನ ಸ್ವಭಾವವು ಹೀಗಲ್ಲ. ಕ್ವಾರ್ಕುಗಳನ್ನು ಬಂಧಿಸುವ ಗುಣಕ್ಕೆ ಪಂಡಿತರು 'ವರ್ಣ'ವೆಂದು ಹೆಸರಿಟ್ಟಿರುವರು. ಇದು ಕಣ್ಣಿಗೆ ಕಾಣುವ ಬಣ್ಣವಲ್ಲ. ನಮ್ಮ ದೇಶದಲ್ಲಿ ಆ ಶಬ್ದವು ಮಾಡಿರುವ ಅನರ್ಥಕ್ಕೂ ಇದಕ್ಕೂ ಸಂಬಂಧವಿಲ್ಲ. ವರ್ಣವೆಂದರೆ ಅಕ್ಷರವೆಂಬ ಅರ್ಥವೂ ಉಂಟಲ್ಲವೇ? ಅದೇ ಇಲ್ಲಿಗೆ ಹೆಚ್ಚು ಹೊಂದುವದು: ಬಿಡಿ ಅಕ್ಷರಗಳು ಕೂಡಿ ಪದವಾದರೆ ಮಾತ್ರ ವಾಕ್ಯದಲ್ಲಿ ಸಂಚರಿಸಬಲ್ಲವು, ಹಾಗೆಯೇ ಮೂರು ವರ್ಣಗಳ ಕ್ವಾರ್ಕುಗಳು ಕೂಡಿ ಪ್ರೋಟಾನಾದರೆ ಮಾತ್ರ ಲೋಕದಲ್ಲಿ ಬಿಡುಬೀಸಾಗಿ ಸಂಚರಿಸಬಲ್ಲವು. ಈ ವರ್ಣವನ್ನು ಹೊತ್ತು ತಿರುಗುವ ಗ್ಲೂಆನಿಗೆ ಸ್ವತಃ ವರ್ಣವಿರುವದರಿಂದ ಒಂದು ಗ್ಲೂಆನ್ ಇನ್ನೊಂದು ಗ್ಲೂಆನನ್ನು ಹೆರುವದು; ಅದು ಮತ್ತೊಂದನ್ನು ಹೆರುವದು. ದೀಪದ ಬೆಳಕಿಗೆ ಈ ಗುಣವಿದ್ದಿದ್ದರೆ ಮನೆಯಲ್ಲಿ ಒಂದು ಹಣತೆ ಹಚ್ಚುವದಕ್ಕೂ ಅಂಜಬೇಕಾಗುತ್ತಿತ್ತು.

ಹಾನಗಲ್ಲ ಕಡೆಯ ಭತ್ತದ ಗದ್ದೆಯನ್ನು ಬಲ್ಲವರಿಗೆ ಇದನ್ನು ವಿವರಿಸುವದು ಸುಲಭ. ನಟ್ಟ ಒಂದು ಸಸಿ ತೆಂಡೆಯೊಡೆಯುವದು. ಆ ತೆಂಡೆಯಿಂದ ಮತ್ತೆ ತೆಂಡೆ. ನಾಲ್ಕು ವಾರಗಳಲ್ಲಿ ಒಂದು ಕಡ್ಡಿಯಿದ್ದಲ್ಲಿ ಒಂದು ಬುಡುಬೆಯಾಗಿರುವದು. ಪ್ರೋಟಾನಿನಲ್ಲಿ ಈ ತೆಂಡೆಯೊಡೆಯುವಿಕೆ ಎಷ್ಟು ಕಾಣುವದೆಂಬುದು ಪ್ರೋಟಾನಿನ ವೇಗವನ್ನು ಅವಲಂಬಿಸಿರುವದು. ನಿಂತ ಪ್ರೋಟಾನಿನಲ್ಲಿ ಗ್ಲೂಆನುಗಳು ಹುಟ್ಟಿ ಹುಟ್ಟಿ ನೋಡುವಷ್ಟರಲ್ಲಿಯೇ ಅಡಗಿಹೋಗುವವು. ಬೆಳಕಿನ ವೇಗಕ್ಕೆ ಹತ್ತಿರವಾಗಿ ಓಡುವ ಪ್ರೋಟಾನಿನ ಒಳಗಣ ಗಡಿಯಾರವು ನಮ್ಮ ಎಣಿಕೆಯಲ್ಲಿ ನಿಧಾನವಾಗುವದು. ಕ್ಷಣಜೀವಿಗಳಾದ ಆ ಗ್ಲೂಆನುಗಳು ದೀರ್ಘಾಯುಗಳಂತೆ ತೋರಿ ಲೆಕ್ಕಕ್ಕೆ ಸಿಕ್ಕುವವು. ವೇಗ ಹೆಚ್ಚಿದಷ್ಟೂ ಹೆಚ್ಚು ತಲೆಮಾರುಗಳು ಕಾಣುವವು.

ಈ ಎಣಿಕೆಯನ್ನು ಮಾಡಿದ್ದು ಹ್ಯಾಂಬರ್ಗಿನ ಹೇರಾ ಎಂಬ ಯಂತ್ರ. ಆರು ಕಿಲೋಮೀಟರಿಗೂ ಮಿಕ್ಕಿದ ಸುತ್ತಳತೆಯ ನೆಲದಡಿಯ ಸುರಂಗದಲ್ಲಿ ಎಲೆಕ್ಟ್ರಾನುಗಳನ್ನು ಪ್ರೋಟಾನುಗಳಿಗೆ ಎದುರಾಗಿ ಓಡಿಸಿ, ಅವು ಹೇಗೆ ಚದರುವವೆಂಬುದನ್ನು ೧೯೯೨ರಿಂದ ೨೦೦೭ರ ವರೆಗೆ ಅಳೆದರು. ಪ್ರೋಟಾನಿನ ಓಟದ ಬಲವನ್ನೆಲ್ಲ ಒಂದು ರೂಪಾಯಿ ಎಂದಿಟ್ಟುಕೊಂಡರೆ ಅದರಲ್ಲಿ ಸುಮಾರು ಎಂಟಾಣೆ ಕ್ವಾರ್ಕುಗಳ ಕೈಯಲ್ಲಿಯೂ ಎಂಟಾಣೆ ಗ್ಲೂಆನುಗಳ ಕೈಯಲ್ಲಿಯೂ ಇರುವದು. ಆದರೆ ಕ್ವಾರ್ಕುಗಳು ಆಸ್ತಿಯನ್ನು ದೊಡ್ಡ ನಾಣ್ಯಗಳಲ್ಲಿಟ್ಟುಕೊಂಡಿದ್ದರೆ ಗ್ಲೂಆನುಗಳು ಚಿಲ್ಲರೆಯಲ್ಲಿಟ್ಟುಕೊಂಡಿರುವವು. ರೂಪಾಯಿಯ ನೂರನೆಯ ಪಾಲನ್ನು ಹೊತ್ತ ಗ್ಲೂಆನುಗಳು ಕೆಲವಾದರೆ, ಸಾವಿರದ ಒಂದು ಪಾಲನ್ನು ಹೊತ್ತವು ಹಲವು. ಹತ್ತು ಸಾವಿರದ ಒಂದು ಪಾಲಿನವು ಅವಕ್ಕಿಂತಲೂ ಹೆಚ್ಚು. ಚಿಲ್ಲರೆ ಸಣ್ಣದಾದಷ್ಟೂ ಎಣಿಕೆ ಏರುತ್ತಲೇ ಹೋಯಿತು. ಹೇರಾ ಯಂತ್ರವು ಕಂಡ ಮಟ್ಟಿಗೆ ಆ ಏರಿಕೆ ನಿಂತದ್ದು ಸ್ಪಷ್ಟವಾಗಿ ಕಾಣಲಿಲ್ಲ.

ಕಟ್ಟಕಡೆಯವರೆಗೂ ಏರುತ್ತಲೇ ಹೋಗಬಹುದೇ? ಹೋಗಲಾರದೆಂದು ಗಣಿತವೇ ಹೇಳುವದು. ಹೊಡೆದ ಗುಂಡು ತಗಲುವ ಸಂಭವವು ಹದಿನಾರಾಣೆಯನ್ನು ಮೀರಲಾರದು. ಗ್ಲೂಆನುಗಳು ಮಿತಿಯಿಲ್ಲದೆ ಹೆಚ್ಚಿದರೆ ಲೆಕ್ಕದಲ್ಲಿ ಸಂಭವವು ಹದಿನೇಳಾಣೆ ಹದಿನೆಂಟಾಣೆಯಾಗುವದು, ಇದು ಅಸಂಬದ್ಧ. ಆದುದರಿಂದ ಎಲ್ಲಿಯೋ ಒಂದು ತಡೆಯಿರಲೇಬೇಕು. ಆ ತಡೆ ಯಾವದೆಂದು ೧೯೮೩ರಲ್ಲಿ ಲೆನಿನ್‌ಗ್ರಾಡಿನ ಗ್ರಿಬೋವ್, ಲೆವಿನ್, ರಿಸ್ಕಿನ್ ಎಂಬ ಮೂವರು ಸೂಚಿಸಿದರು: ಗ್ಲೂಆನುಗಳು ಒಂದರ ಮೇಲೊಂದು ಬೀಳುವಷ್ಟು ಕಿಕ್ಕಿರಿದಾಗ ಎರಡು ಕೂಡಿ ಒಂದಾಗತೊಡಗುವವು. ಒಡೆಯುವದು ಎಷ್ಟೋ ಕೂಡುವದೂ ಅಷ್ಟೇ ಆದಾಗ ಎಣಿಕೆ ನಿಲ್ಲುವದು. ಭತ್ತದ ಉಪಮಾನವು ಇಲ್ಲಿಗೆ ಮುಗಿಯಿತು. ಗದ್ದೆ ತುಂಬಿದರೆ ತೆಂಡೆಯೊಡೆಯುವದು ನಿಂತೀತೇ ಹೊರತು ಎರಡು ತೆಂಡೆಗಳು ಕೂಡಿ ಒಂದಾದದ್ದನ್ನು ಯಾವ ರೈತನೂ ಕಂಡಿಲ್ಲ. ಮಾಸೂರಿನ ಬಳಿಯ ಮದಗದ ಕೆರೆಯನ್ನು ನೆನೆಯಿರಿ. ಕೋಡಿ ಬಿದ್ದ ಕೆರೆಗೆ ನೀರು ಬರುವದು ನಿಂತಿರುವದಿಲ್ಲ. ಬಂದಷ್ಟು ಹೋಗುತ್ತಿರುವದರಿಂದ ಮಟ್ಟವು ನಿಂತಿರುವದು. ಮಳೆ ಇಮ್ಮಡಿಯಾದರೂ ಕೋಡಿಯ ಮೇಲಿನ ನೀರು ಇಮ್ಮಡಿಯಾಗದೆ ತುಸುವೇ ಏರುವದು. ಮದುವೆಯ ಪಾನಕಕ್ಕೆ ಸಕ್ಕರೆ ಸುರಿಯುತ್ತ ಹೋದಾಗ ಕೊನೆಗೆ ತಳದಲ್ಲಿ ಕರಗದೆ ಉಳಿಯುವದನ್ನು ನಮ್ಮ ಗೃಹಿಣಿಯರು ಕಂಡಿರುವರು. ಅಲ್ಲಿಯೂ ಕರಗುವ ಕಣಗಳೆಷ್ಟೋ ಮರಳಿ ಹರಳಾಗುವ ಕಣಗಳೂ ಅಷ್ಟೇ. ಶಾಲೆಯ ಪುಸ್ತಕಗಳಲ್ಲಿ ಇದಕ್ಕೆ 'ಪರ್ಯಾಪ್ತ ದ್ರಾವಣ'ವೆಂದು ಹೆಸರು. ಪರ್ಯಾಪ್ತವೆಂದರೆ ಸಾಕಾದದ್ದು, ಸುತ್ತಲೂ ತುಂಬಿದ್ದು. ಗ್ಲೂಆನುಗಳ ಈ ಸ್ಥಿತಿಯನ್ನೂ ನಾವು ಪರ್ಯಾಪ್ತಿಯೆಂದೇ ಕರೆಯುವೆವು.

ಇಲ್ಲಿ ಒಂದು ಸೂಕ್ಷ್ಮವುಂಟು. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಮೇಲ್ಛಾವಣಿಯಲ್ಲಿ ಕೆತ್ತಿದ ದೊಡ್ಡ ಕಮಲವನ್ನು ದೂರದಿಂದ ನೋಡಿದವರಿಗೆ ಒಂದು ದುಂಡು ಆಕಾರ ಕಾಣುವದು. ಹತ್ತಿರ ಬಂದಂತೆ ದಳಗಳು, ದಳದೊಳಗಿನ ಗೆರೆಗಳು. ಹೀಗೆ ದೃಷ್ಟಿ ಸೂಕ್ಷ್ಮವಾದಾಗಲೂ ಗ್ಲೂಆನುಗಳ ಎಣಿಕೆ ಹೆಚ್ಚುವದು. ಆದರೆ ಆಗ ಕಾಣುವ ಹೊಸ ಗ್ಲೂಆನುಗಳು ಮೊದಲಿನವಕ್ಕಿಂತ ಕಿರಿದಾದುದರಿಂದ ಕಿಕ್ಕಿರಿತವಾಗುವದಿಲ್ಲ. ದೃಷ್ಟಿಯ ಸೂಕ್ಷ್ಮತೆಯನ್ನು ಬದಲಿಸದೆ ವೇಗವನ್ನು ಮಾತ್ರ ಹೆಚ್ಚಿಸಿದರೆ ಅದೇ ಗಾತ್ರದವು ಹೆಚ್ಚುತ್ತ ಹೋಗಿ ಜಾಗ ಸಾಲದಾಗುವದು. ಬುಟ್ಟಿಯಲ್ಲಿ ಕುಂಬಳಕಾಯಿ ತುಂಬಿದ ಮೇಲೂ ಸಂದಿನಲ್ಲಿ ನಿಂಬೆಹಣ್ಣು ಹಿಡಿಸುವದು, ನಿಂಬೆಹಣ್ಣಿನ ಸಂದಿನಲ್ಲಿ ಸಾಸಿವೆ ಹಿಡಿಸುವದು. ಹಾಗೆಯೇ ವೇಗ ಏರಿದಂತೆ ದೊಡ್ಡ ಗಾತ್ರದ ಗ್ಲೂಆನುಗಳು ಮೊದಲು ಪರ್ಯಾಪ್ತವಾಗುವವು, ಚಿಕ್ಕವು ಆಮೇಲೆ. ಎಷ್ಟು ಗಾತ್ರದ ವರೆಗೆ ತುಂಬಿದೆಯೆಂಬುದನ್ನು ತಿಳಿಸುವ ಅಳತೆಯೇ ಪರ್ಯಾಪ್ತಿಯ ಮಾನ.

ಪ್ರೋಟಾನೊಂದರಲ್ಲಿ ಈ ಸ್ಥಿತಿಗೆ ಮುಟ್ಟಬೇಕಾದರೆ ಅಪಾರ ವೇಗವು ಬೇಕು. ಭಾರವಾದ ನ್ಯೂಕ್ಲಿಯಸ್ಸಿನಲ್ಲಿ ಅಷ್ಟು ಬೇಡ. ಯಾಕಂದರೆ, ವೇಗವಾಗಿ ಓಡುವ ವಸ್ತುವು ಓಟದ ದಿಕ್ಕಿನಲ್ಲಿ ಚಪ್ಪಟೆಯಾಗಿ ತೋರುವದೆಂಬುದು ಸಾಪೇಕ್ಷವಾದದ ಒಂದು ಫಲ. ಬಂಗಾರದ ನ್ಯೂಕ್ಲಿಯಸ್ಸು ಅಮೆರಿಕದ ಯಂತ್ರದಲ್ಲಿ ತನ್ನ ದಪ್ಪದ ನೂರನೆಯ ಪಾಲಿನಷ್ಟು ತೆಳ್ಳಗಾಗುವದು. ಆಗ ಹಿಂದೆಮುಂದೆ ನಿಂತ ಪ್ರೋಟಾನು ನ್ಯೂಟ್ರಾನುಗಳೆಲ್ಲ ಒಂದರ ಮೇಲೊಂದು ಒತ್ತಿಹೋಗುವವು. ಸವಣೂರಿನ ವೀಳ್ಯದೆಲೆಯೊಂದನ್ನು ಬಿಸಿಲಿಗೆ ಹಿಡಿದರೆ ನರಗಳ ಜಾಲವೂ ನಡುವಿನ ಬೆಳಕೂ ಬೇರೆಬೇರೆಯಾಗಿ ಕಾಣುವವು. ಆರೆಲೆಗಳನ್ನು ಒತ್ತಿ ಹಿಡಿಯಿರಿ. ನರವು ನರದ ಮೇಲೆ ಬಿದ್ದು ಬೆಳಕಿಗೆ ದಾರಿಯೇ ಇಲ್ಲ. ಬಂಗಾರದ ೧೯೭ ಕಣಗಳ ಘನಮೂಲವನ್ನು ತೆಗೆದರೆ ಬರುವದೂ ಸುಮಾರು ಆರೇ. ಒಂದು ಪ್ರೋಟಾನನ್ನು ಇನ್ನಷ್ಟು ಓಡಿಸಿ ಪಡೆಯಬೇಕಾದ ಸಾಂದ್ರತೆಯನ್ನು ನ್ಯೂಕ್ಲಿಯಸ್ಸು ಹೀಗೆ ಒತ್ತಿನಿಂದಲೇ ಕೊಟ್ಟುಬಿಡುವದು. ಈ ಯುಕ್ತಿಯನ್ನು ಲೆಕ್ಕಕ್ಕೆ ಕಟ್ಟಿದವರು ಲ್ಯಾರಿ ಮ್ಯಾಕ್‌ಲೆರನ್ ಮತ್ತು ರಾಜು ವೇಣುಗೋಪಾಲನ್, ವರ್ಷವು ೧೯೯೪. ಮುಂದೆ ಬೆಳೆದ ಸಿದ್ಧಾಂತಕ್ಕೆ 'ವರ್ಣಕಾಚಸಾಂದ್ರ'ವೆಂಬ ಅರ್ಥದ ಉದ್ದನೆಯ ಹೆಸರು ಬಂದಿತು: ವರ್ಣವನ್ನು ಈಗಾಗಲೇ ಹೇಳಿದೆವು, ಕಾಚವೆಂದದ್ದು ಗಾಜಿನಂತೆ ಬಹು ನಿಧಾನವಾಗಿ ಬದಲಾಗುವದರಿಂದ, ಸಾಂದ್ರವೆಂದದ್ದು ಕಿಕ್ಕಿರಿತದಿಂದ. ವೇಗದೊಡನೆ ಇದು ಹೇಗೆ ಬೆಳೆಯುವದೆಂಬ ಸಮೀಕರಣಕ್ಕೆ ಆರು ಪಂಡಿತರ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ 'ಜಿಮ್‌ವಾಕ್' ಎಂದು ಕರೆಯುವರು. ಅಚ್ಚು ಹಲ್ಲುಗಳ ಪ್ರತ್ಯಾಹಾರಗಳನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದ ನಮಗೆ ಇದನ್ನು ಕಂಡು ನಗು ಬರುವದು; ಪಾಣಿನಿಯು ಮಾತ್ರ ತನ್ನ ಪ್ರತ್ಯಾಹಾರಗಳಲ್ಲಿ ತನ್ನ ಹೆಸರನ್ನು ಸೇರಿಸಲಿಲ್ಲ.

ಸಿದ್ಧಾಂತವು ಎಷ್ಟು ಸುಂದರವಾದರೂ ಪ್ರತ್ಯಕ್ಷವು ಬೇಕು. ನ್ಯೂಯಾರ್ಕ್ ಪ್ರಾಂತದ ಲಾಂಗ್ ಐಲೆಂಡಿನಲ್ಲಿರುವ ಬ್ರೂಕ್‌ಹೇವನ್ ಪ್ರಯೋಗಶಾಲೆಯ ಯಂತ್ರವು ೨೦೦೦ದಲ್ಲಿ ಆರಂಭವಾಗಿ ಕಾಲು ಶತಮಾನ ದುಡಿಯಿತು. ಅಲ್ಲಿ ೨೦೦೩ರಲ್ಲಿ ಬಂಗಾರದ ನ್ಯೂಕ್ಲಿಯಸ್ಸಿಗೆ ಹಗುರಾದ ಡ್ಯೂಟರಾನನ್ನು ಎದುರಾಗಿ ಬಿಟ್ಟು ನೋಡಿದಾಗ, ಡ್ಯೂಟರಾನಿನ ಓಟದ ದಿಕ್ಕಿನಲ್ಲಿ ಸಿಡಿಯುವ ಕಣಗಳು ಸಾದಾ ಎಣಿಕೆಗಿಂತ ಕಡಿಮೆಯಾಗಿ ಕಂಡವು. ಆ ದಿಕ್ಕಿಗೆ ಸಿಡಿಯುವವು ಬಂಗಾರದ ಅತಿ ಸಣ್ಣ ಚಿಲ್ಲರೆಯ ಗ್ಲೂಆನುಗಳಿಗೆ ತಗಲಿ ಬಂದವು. ಅಲ್ಲಿ ಕಿಕ್ಕಿರಿತವಿದ್ದರೆ ಎಣಿಕೆ ಕಡಿಮೆಯಾಗತಕ್ಕದ್ದೇ. ಇನ್ನೊಂದು ಗುರುತು ಜೋಡಿ ಕಣಗಳದು. ಸಾಮಾನ್ಯವಾದ ಡಿಕ್ಕಿಯಲ್ಲಿ ಒಂದು ಕಣವು ಪೂರ್ವಕ್ಕೆ ಹಾರಿದರೆ ಅದರ ಜೊತೆಗಾರ ಪಶ್ಚಿಮಕ್ಕೆ ಹಾರುವದು. ತೇರಿನ ದಿನದ ನೂಕುನುಗ್ಗಲಿನಲ್ಲಿ ಕೈಹಿಡಿದು ಬಂದವರು ಅಗಲಿಹೋಗುವಂತೆ, ಕಿಕ್ಕಿರಿದ ಗ್ಲೂಆನುಗಳ ನಡುವೆ ಈ ಜೋಡಿಗಳ ಹೊಂದಿಕೆ ತಪ್ಪಬೇಕು. ಅದೇ ಪ್ರಯೋಗಶಾಲೆಯ ಸ್ಟಾರ್ ಎಂಬ ತಂಡವು ೨೦೨೨ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಅಲ್ಯುಮಿನಿಯಮ್ಮಿಗಿಂತ ಬಂಗಾರದಲ್ಲಿ ಜೋಡಿಗಳು ಹೆಚ್ಚಾಗಿ ಕಾಣೆಯಾದವು. ಎಲೆಗಳನ್ನು ಹೆಚ್ಚು ಒತ್ತಿದಷ್ಟೂ ಕತ್ತಲೆ ಹೆಚ್ಚಿತೆಂಬುದೇ ಇದರರ್ಥ. ಜಿನೀವಾದ ಬಳಿ ೨೭ ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿ ೨೦೧೦ರಿಂದ ಸೀಸದ ನ್ಯೂಕ್ಲಿಯಸ್ಸುಗಳನ್ನು ಓಡಿಸುತ್ತಿರುವರು. ಅಲ್ಲಿ ಮತ್ತೊಂದು ಉಪಾಯವುಂಟು: ಎರಡು ನ್ಯೂಕ್ಲಿಯಸ್ಸುಗಳು ತಗಲದೆ ಪಕ್ಕದಲ್ಲಿಯೇ ಹಾದುಹೋಗುವಾಗ, ರಾತ್ರಿ ಎದುರುಬದುರಾಗುವ ಚಕ್ಕಡಿಗಳ ಕಂದೀಲಿನಂತೆ, ಒಂದರ ಬೆಳಕು ಇನ್ನೊಂದರ ಮೇಲೆ ಬೀಳುವದು. ಆ ಬೆಳಕಿನಲ್ಲಿ ನೋಡಿದಾಗಲೂ ಸೀಸದೊಳಗಿನ ಗ್ಲೂಆನುಗಳು ಬಿಡಿ ಪ್ರೋಟಾನುಗಳ ಲೆಕ್ಕದಂತೆ ಇರಬೇಕಾದುದಕ್ಕಿಂತ ಕಡಿಮೆಯೇ ಆಗಿರುವವು.

ಹಾಗಾದರೆ ಪರ್ಯಾಪ್ತಿಯು ಸಿದ್ಧವಾಯಿತೇ? ನಮ್ಮ ಅಭಿಪ್ರಾಯದಲ್ಲಿ ಇನ್ನೂ ಇಲ್ಲ. ಪಂಡಿತರಲ್ಲಿಯೂ ಬಹುಮಂದಿ ಹೀಗೆಯೇ ಹೇಳುವರು. ಕಡಿಮೆಯಾದದ್ದು ದಿಟ; ಯಾತರಿಂದ ಕಡಿಮೆಯಾಯಿತೆಂಬುದರಲ್ಲಿ ವಾದವುಂಟು. ನ್ಯೂಕ್ಲಿಯಸ್ಸಿನೊಳಗೆ ಮುಂದಿನ ಕಣಗಳ ನೆರಳು ಹಿಂದಿನವುಗಳ ಮೇಲೆ ಬೀಳುವದೆಂದೂ, ಹಾದುಹೋಗುವ ಕಣವು ದಾರಿಯಲ್ಲಿ ಶಕ್ತಿಯನ್ನು ಕಳೆದುಕೊಳ್ಳುವದೆಂದೂ ಬೇರೆ ಕಾರಣಗಳನ್ನು ಕೊಡಬಹುದು. ಹೊಗೆಯಿಂದ ಬೆಂಕಿಯನ್ನು ಅನುಮಾನಿಸಬೇಕಾದರೆ ಬೆಂಕಿಯಿಲ್ಲದೆಡೆ ಹೊಗೆಯಿಲ್ಲವೆಂಬ ವ್ಯಾಪ್ತಿಯು ಮೊದಲು ನಿಶ್ಚಯವಾಗಬೇಕೆಂದು ನಮ್ಮ ತರ್ಕಶಾಸ್ತ್ರದವರು ಹಟ ಹಿಡಿಯುತ್ತಿದ್ದರು. ಇಲ್ಲಿ ಇನ್ನೂ ಆ ವ್ಯಾಪ್ತಿಯೇ ಸಂದಿಗ್ಧವಾಗಿದೆ. ಜಿನೀವಾದ ಪ್ರಯೋಗಶಾಲೆಯ ಅಂಗಳದಲ್ಲಿ ೨೦೦೪ರಲ್ಲಿ ಭಾರತ ಸರಕಾರವು ಕೊಟ್ಟ ನಟರಾಜನ ವಿಗ್ರಹವಿರುವದು. ಅದನ್ನು ತೋರಿಸಿ, ಇದೆಲ್ಲವನ್ನೂ ಕಣಾದ ಮುನಿಯು ಮೊದಲೇ ಹೇಳಿದ್ದನೆಂದು ಹಿಗ್ಗುವವರನ್ನು ನಾವು ಕಂಡಿದ್ದೇವೆ. ಕಣಾದನ ಶಾಸ್ತ್ರವನ್ನು ಗುರುಗಳ ಬಳಿ ಓದಿದವರಾಗಿ ನಾವು ಹೇಳುವದಿಷ್ಟೇ: ವೈಶೇಷಿಕರ ಪರಮಾಣುವಿಗೆ ಅವಯವಗಳೇ ಇಲ್ಲ, ಇಂದಿನ ಪರಮಾಣುವಿನಲ್ಲಿ ಅವಯವಗಳಲ್ಲದೆ ಬೇರೇನೂ ಇಲ್ಲ. ಶಬ್ದವು ಮಾತ್ರ ನಮ್ಮದು.

ನಮ್ಮ ನಾಡಿಗೆ ಹೆಮ್ಮೆಪಡಲು ಇದಕ್ಕಿಂತ ಗಟ್ಟಿಯಾದ ಕಾರಣಗಳುಂಟು. ಹೋಮಿ ಭಾಭಾ ಅವರು ೧೯೪೦ರ ಸುಮಾರಿನಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದುಕೊಂಡು ವಿಶ್ವಕಿರಣಗಳ ಅಭ್ಯಾಸವನ್ನು ನಡೆಸಿದರು. ಆಕಾಶದಿಂದ ಬರುವ ಪ್ರೋಟಾನುಗಳು ಗಾಳಿಯ ನ್ಯೂಕ್ಲಿಯಸ್ಸುಗಳಿಗೆ ಡಿಕ್ಕಿ ಹೊಡೆಯುವದೂ ಒಂದು ಮಹಾವೇಗದ ಸಂಘಟ್ಟನವೇ. ಅದಕ್ಕೆ ಸುರಂಗವೂ ಬೇಡ, ಹಣವೂ ಬೇಡ. ಶಿಗ್ಗಾವಿಯಲ್ಲಾಗಲಿ ಹಿರೇಕೆರೂರಿನಲ್ಲಾಗಲಿ ಅಂಗಳದಲ್ಲಿ ಕೈಚಾಚಿ ಕುಳಿತವನ ಅಂಗೈಯ ಮೂಲಕ ಆ ಡಿಕ್ಕಿಗಳಿಂದ ಹುಟ್ಟಿದ ಮ್ಯೂಆನ್ ಕಣಗಳು ನಿಮಿಷಕ್ಕೆ ಹೆಚ್ಚುಕಡಿಮೆ ನೂರು ಹಾದುಹೋಗುತ್ತಿರುವವು. ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ಉಪಕರಣಗಳನ್ನಿಟ್ಟು, ಗಾಳಿಯಲ್ಲಿಯೇ ಹುಟ್ಟಿದ ನ್ಯೂಟ್ರಿನೋ ಕಣಗಳ ಗುರುತನ್ನು ೧೯೬೫ರಲ್ಲಿ ಹಿಡಿದದ್ದು ಜಗತ್ತೇ ಬಲ್ಲ ಸಂಗತಿ.

ಪರ್ಯಾಪ್ತಿಯ ಶೋಧಕ್ಕೂ ಬೆಂಗಳೂರಿನ ಕೈ ಹತ್ತಿದೆ. ಜಿನೀವಾದ ಆಲಿಸ್ ಎಂಬ ಪ್ರಯೋಗಕ್ಕೆ ಫೋಕಲ್ ಎಂಬ ಹೊಸ ಉಪಕರಣವೊಂದನ್ನು ಸಿದ್ಧಪಡಿಸುತ್ತಿರುವರು. ಡಿಕ್ಕಿಯ ಸ್ಥಾನದಿಂದ ಏಳು ಮೀಟರು ದೂರದಲ್ಲಿ, ಕಣಗಳು ಓಡುವ ಕೊಳವೆಗೆ ಒತ್ತಾಗಿ ಇದನ್ನು ನಿಲ್ಲಿಸುವದು; ರೂಪಾಯಿಯ ಹತ್ತು ಲಕ್ಷದ ಒಂದು ಪಾಲಿನಷ್ಟು ಸಣ್ಣ ಚಿಲ್ಲರೆಯ ಗ್ಲೂಆನುಗಳನ್ನೂ ಇದು ಎಣಿಸೀತೆಂಬ ನಿರೀಕ್ಷೆಯುಂಟು. ಟಂಗ್‌ಸ್ಟನ್ನಿನ ಹಲಗೆ, ಅದರ ಹಿಂದೆ ಸಿಲಿಕಾನಿನ ಹಾಳೆ, ಮತ್ತೆ ಟಂಗ್‌ಸ್ಟನ್, ಹೀಗೆ ಇಪ್ಪತ್ತು ಪದರುಗಳು. ಆ ಸಿಲಿಕಾನ್ ಹಾಳೆಗಳ ಮಾದರಿಗಳನ್ನು ಕೋಲಕತ್ತದ ಸೈಕ್ಲೋಟ್ರಾನ್ ಕೇಂದ್ರದವರೂ ಮುಂಬಯಿಯ ಭಾಭಾ ಅಣುಸಂಶೋಧನ ಕೇಂದ್ರದವರೂ ರೂಪಿಸಿ, ೧೯೫೪ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮಾಡಿಸಿದರು. ಒಂದೊಂದು ಹಾಳೆಯಲ್ಲಿ ಸೆಂಟಿಮೀಟರು ಚೌಕದ ೭೨ ಮನೆಗಳು. ಚದುರಂಗದ ಹಾಸಿಗಿಂತ ಒಂದು ಸಾಲು ಹೆಚ್ಚು.

ಇದರಿಂದ ಹೊಟ್ಟೆ ತುಂಬುವದೇ ಎಂದು ಕೇಳುವ ಹಿರಿಯರು ಎಲ್ಲ ಊರಿನಲ್ಲಿಯೂ ಇರುವರು. ಮಗಳು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದುವೆನೆಂದಾಗ ಈ ಪ್ರಶ್ನೆಯು ಮನೆಮನೆಯಲ್ಲಿಯೂ ಏಳುವದು. ಅದು ಕ್ಷುಲ್ಲಕ ಪ್ರಶ್ನೆಯಲ್ಲ. ಎರಡು ಎಕರೆಯ ಒಕ್ಕಲುತನದವನಿಗೆ ಮಗಳ ಐದು ವರ್ಷದ ಓದೆಂದರೆ ದೊಡ್ಡ ಖರ್ಚು. ಗ್ಲೂಆನುಗಳ ಕಿಕ್ಕಿರಿತದಿಂದ ಭತ್ತದ ಇಳುವರಿ ಹೆಚ್ಚುವದೆಂದು ನಾವು ಸುಳ್ಳು ಹೇಳಲಾರೆವು. ಆದರೆ ಸಿಲಿಕಾನ್ ಹಾಳೆಯ ಮೇಲೆ ಎಪ್ಪತ್ತೆರಡು ಮನೆ ಕೊರೆಯುವ ಕೈಗಳಿಗೆ ನಾಡಿನಲ್ಲಿ ಕೆಲಸಕ್ಕೆ ಕೊರತೆಯಿಲ್ಲ. ಮೇಲಾಗಿ, ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರನ್ನೂ ಶಿಶುನಾಳದ ಶರೀಫ ಸಾಹೇಬರನ್ನೂ, ಹಿರೇಕೆರೂರ ಸೀಮೆಯವನೆಂದು ಜನರು ಹೇಳುವ ಸರ್ವಜ್ಞನನ್ನೂ ನಮ್ಮ ಜನರು ಇಂದಿಗೂ ಬಾಯಲ್ಲಿಟ್ಟುಕೊಂಡಿರುವದು ಅವರಿಂದ ಇಳುವರಿ ಹೆಚ್ಚಿತೆಂದಲ್ಲ. ಓದುವೆನೆಂದ ಮಗಳನ್ನು ಓದಿಸುವದೇ ಮೇಲು.

ಬ್ರೂಕ್‌ಹೇವನ್ನಿನ ಹಳೆಯ ಸುರಂಗದಲ್ಲಿಯೇ ಎಲೆಕ್ಟ್ರಾನನ್ನು ಭಾರವಾದ ನ್ಯೂಕ್ಲಿಯಸ್ಸಿಗೆ ಎದುರಾಗಿ ಓಡಿಸುವ ಹೊಸ ಯಂತ್ರವನ್ನು ಕಟ್ಟುವದೆಂದು ೨೦೨೦ರ ಜನವರಿಯಲ್ಲಿ ಗೊತ್ತಾಯಿತು. ಹ್ಯಾಂಬರ್ಗಿನಲ್ಲಿ ಎಲೆಕ್ಟ್ರಾನಿಗೆ ಎದುರಾಗಿದ್ದದ್ದು ಬಿಡಿ ಪ್ರೋಟಾನು, ಎಂದರೆ ಒಂದೇ ಎಲೆ. ಇಲ್ಲಿ ಒತ್ತಿದ ಎಲೆಗಳ ಕಟ್ಟು. ಎಲೆಕ್ಟ್ರಾನಿಗೆ ಒಳಗೆ ಬಿಡಿಭಾಗಗಳಿರುವಂತೆ ಕಂಡಿಲ್ಲವಾದುದರಿಂದ ಅದು ಹಾದುಬಂದ ಮೇಲೆ ಹೇಳುವ ಸಾಕ್ಷ್ಯದಲ್ಲಿ ಕಲಬೆರಕೆ ಕಡಿಮೆ. ಮುಂದಿನ ದಶಕದಲ್ಲಿ ಆ ಯಂತ್ರವು ಕೆಲಸಕ್ಕೆ ನಿಂತಾಗ, ಒಂದೇ ವೇಗದಲ್ಲಿ 'ಚಿಕ್ಕ ನ್ಯೂಕ್ಲಿಯಸ್ಸಿನಲ್ಲಿ ಎಷ್ಟು, ಬಂಗಾರದಲ್ಲಿ ಎಷ್ಟು' ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವರು. ಕಿಕ್ಕಿರಿತವೋ ಬರಿಯ ನೆರಳೋ ಎಂಬ ವಾದಕ್ಕೆ ಅಲ್ಲಿ ಸಾಕ್ಷಿ ದೊರೆಯಬೇಕಾಗಿದೆ.